ಗಡಿಯಾರದ ಮಾವ ಮತ್ತು ಬೆಳ್ಳಿ ಕೆಟಲು

ಗಡಿಯಾರದ ಮಾವ ಕದ್ದು ಹೋದ ಪ್ರತಿ ಮನೆಯಲ್ಲೂ ಗಡಿಯಾರ ಮಾತ್ರ ಸರಿಯಾದ ಸಮಯ ತೋರಿಸುತ್ತಿತ್ತು. ಸಂಗತಿ ಇಷ್ಟೇ. ಆದರೆ ಊರ ಬಾಯಿಗೆ ಬೀಗವುಂಟೇ? ಅದು ಪೊಲೀಸರಿಗೆ ಎಸೆದ ಸವಾಲು ಎಂದರು ಕೆಲವರು. ಸಿರಿವಂತರಿಗೆ 'ನಿಮ್ಮ ಕಾಲ ಮುಗಿಯಿತು' ಎಂಬ ಎಚ್ಚರಿಕೆ ಎಂದರು ಇನ್ನು ಕೆಲವರು. ಇನ್‌ಸ್ಪೆಕ್ಟರರಂತೂ ಮುಳ್ಳುಗಳು ತೋರಿದ ದಿಕ್ಕನ್ನೇ ಹಿಡಿದು ಹೊರಟು ಮೂರು ಸಲ ಚರಂಡಿಗೆ ಬಿದ್ದಿದ್ದರು.

ಮಾವ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ರಿಪೇರಿ ಅಂಗಡಿಯಲ್ಲಿ ಕೂರುವ ಬಡಕಲು ಮನುಷ್ಯ. ಅವರ ಏಕೈಕ ಪ್ರತಿಸ್ಪರ್ಧಿ ಎದುರುಸಾಲಿನ ದರ್ಜಿ. ಕದಿಯಲು ಹೋದಾಗಲೂ ಪ್ಯಾಂಟಿನ ಇಸ್ತ್ರಿಗೆರೆ ಮುರಿಯಗೊಡದ ಶೋಕಿಲಾಲ. ಒಂದೂರಿಗೆ ಇಬ್ಬರು ಸಭ್ಯ ಕಳ್ಳರು ಹೆಚ್ಚಾಯಿತೆಂದು ಪಂದ್ಯ ಕಟ್ಟಿದರು: ಮೂಲೆಮನೆ ಅಜ್ಜಿಯ ಬೆಳ್ಳಿ ಕೆಟಲನ್ನು ಮೊದಲು ಹೊರತಂದವನಿಗೆ ಊರು. ಸೋತವನು ಕಸುಬು ಬಿಡಬೇಕು.

ಮಧ್ಯಾಹ್ನ ಮೂರರ ಹೊತ್ತಿಗೆ ಅಜ್ಜಿಯ ಗೊರಕೆ ಶುರುವಾದದ್ದೇ ತಡ, ಮಾವ ಹಿತ್ತಿಲ ಬಾಗಿಲಿಂದ ಒಳನುಗ್ಗಿದರು. ಕೆಟಲು ಚೀಲ ಸೇರಿತು. ಹೊಸ್ತಿಲಿಗೆ ಒಂದೇ ಹೆಜ್ಜೆ. ಆಗಷ್ಟೇ ದರ್ಜಿ ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕಿಟಕಿಯಿಂದ ಇಳಿಯುತ್ತಿದ್ದ.

"ನೀವು ಗೆದ್ರಿ, ಸಾರ್," ಎಂದು ಪಿಸುಗುಟ್ಟಿದ.

ಮಾವ ಅತ್ತ ನೋಡಲೂ ಇಲ್ಲ. ಗೋಡೆಯ ಮೇಲೆ ಕಣ್ಣು ನೆಟ್ಟು ಹಿಂದಿರುಗಿ, ಸ್ಟೂಲು ಹತ್ತಿ, ಗಡಿಯಾರದ ಮುಳ್ಳು ತಿರುಗಿಸಿದರು. ಅದು ಊರಿಗೆಲ್ಲ ಕೇಳುವಂತೆ ಢಣ್ ಢಣ್ ಢಣ್ ಎಂದು ಮೂರು ಬಡಿಯಿತು. ಗೊರಕೆ ನಿಂತಿತು. ದರ್ಜಿ ಗಾಬರಿಯಲ್ಲಿ ಪರದೆ ಸುತ್ತಿಕೊಂಡ.

ಅಜ್ಜಿ ಕಣ್ಣುಜ್ಜುತ್ತಾ ಬಂದರು. "ಅಂತೂ ಬಂದ್ರಲ್ಲಪ್ಪ ಇಬ್ಬರೂ. ಗಡಿಯಾರಕ್ಕೂ ಪರದೆಗೂ ಹೇಳಿ ಕಳಿಸಿ ಎರಡು ತಿಂಗಳಾಯ್ತು. ಏನೋ ದರ್ಜಿ, ಪರದೆ ಅಳತೆ ಮೈಗೆ ಸುತ್ಕೊಂಡು ತಗೊಳ್ಳೋದಾ?"

"ಈಗೆಲ್ಲ ಹೀಗೇ, ಅಜ್ಜಿ."

"ಇರಲಿ, ಟೀ ಕುಡಿದು ಹೋಗಿ. ನನ್ನ ಕೆಟಲೆಲ್ಲಿ?"

ಮಾವ ಚೀಲದಿಂದ ತೆಗೆದರು. "ಕಪ್ಪಾಗಿತ್ತಮ್ಮ. ಒರೆಸೋಣ ಅಂತ..."

"ಒರೆಸಿದ ಹಾಗೇನೂ ಕಾಣಲ್ಲ. ಕೂತ್ಕೊಂಡು ಒರೆಸು."

ಸಂಜೆಯವರೆಗೆ ಒಬ್ಬರು ಕೆಟಲು ಉಜ್ಜಿದರು, ಇನ್ನೊಬ್ಬ ಆರು ಪರದೆಗೆ ಅಂಚು ಹೊಲಿದ. ಕೆಟಲು ಮತ್ತೆ ಕಪಾಟು ಸೇರಿತು. ಅಜ್ಜಿ ಕಪಾಟಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹಿಂದಿರುಗುವ ದಾರಿಯಲ್ಲಿ ದರ್ಜಿಯ ಕಣ್ಣಂಚು ಒದ್ದೆಯಾಗಿತ್ತು. "ಗೆಲುವು ಚೀಲದಲ್ಲೇ ಇತ್ತು, ಸಾರ್. ನನ್ನ ಕಸುಬು ಉಳೀಲಿ ಅಂತ ತಾನೇ ನೀವು ಹಿಂದಕ್ಕೆ ಬಂದದ್ದು? ಎಂಥಾ ದೊಡ್ಡ ಮನಸ್ಸು ನಿಮ್ಮದು."

ಮಾವ ಬೆರಳಿಗಂಟಿದ ಕಪ್ಪನ್ನು ಒರೆಸಿಕೊಂಡರು.

"ಗಡಿಯಾರ ಹದಿನೇಳು ನಿಮಿಷ ಹಿಂದಿತ್ತು ಕಣಯ್ಯ."