ಲಾರಿ ಸಾಲು ಕರಗಿಸಿದ ಅಂಬಿಕಾ

ವಾಡಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸಿಮೆಂಟ್ ಕಾರ್ಖಾನೆಯೊಂದರ ಗೇಟಿನಲ್ಲಿ, ಲಾರಿ ತೂಗುವ ಕಾಟಾದಿಂದ ಒಂದು ಲಾರಿ ಇಳಿಯುತ್ತಿದ್ದಂತೆ ಇನ್ನೊಂದು ಏರುತ್ತದೆ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಕಾಟಾದ ಹಿಂದಿನ ಕೋಣೆಯಲ್ಲಿ, ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಅಂಬಿಕಾ ಮೂಗಿಗೆ ಓಢಣಿ ಕಟ್ಟಿಕೊಂಡು ಸರ್ವರ್ ಮಷೀನಿನ ಮೇಲಿನ ಸಿಮೆಂಟ್ ಪುಡಿ ಒರೆಸುತ್ತಾರೆ. ಆಮೇಲೆ ಪರದೆಯ ಮುಂದೆ ಕುಳಿತು, ತೂಕದ ಲೆಕ್ಕವೆಲ್ಲ ಇರುವ ಡೇಟಾಬೇಸ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ನೋಡುತ್ತಾರೆ.

ಎರಡು ವರ್ಷದ ಹಿಂದೆ ಇಲ್ಲಿ ಲಾರಿ ಸಾಲು ರಸ್ತೆಯವರೆಗೂ ಬೆಳೆಯುತ್ತಿತ್ತು. ತೂಕದ ಚೀಟಿ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಆ ಸಾಲಿನಲ್ಲಿ ಅಂಬಿಕಾ ಅವರ ತಂದೆ ಭಾಗಣ್ಣನವರ ಲಾರಿಯೂ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಬಿಸಿಲಿನ ಝಳಕ್ಕೆ ಕಣ್ಣು ಕತ್ತಲಿಟ್ಟು ಅವರು ಕ್ಯಾಬಿನ್ನಿನಲ್ಲೇ ಕುಸಿದಿದ್ದರು.

ಕಂಪ್ಯೂಟರ್ ನಿಧಾನವಾದಾಗಲೆಲ್ಲ ಕಾರ್ಖಾನೆಯ ಸಾಹೇಬರದು ಒಂದೇ ಮಾತು: ಡೇಟಾಬೇಸಿಗೆ ಇನ್ನಷ್ಟು ಮೆಮೊರಿ ಕೊಡಿ. ಅಂಬಿಕಾ ಕೂಡ ಕೊಟ್ಟೇ ಕೊಟ್ಟರು. "ಇದ್ದದ್ದೆಲ್ಲಾ ಅದಕ್ಕೇ ಬಡಿಸಿಬಿಟ್ಟಿದ್ದೆರಿ. ಮಷೀನಿನ ಉಳಿದ ಕೆಲಸಕ್ಕ ಜಾಗಾನೇ ಇರಲಿಲ್ಲ, ಉಸಿರು ಕಟ್ಟಿದಂಗ ನಿಂತುಬಿಡ್ತಿತ್ತು. ಕಡಿಮಿ ಮಾಡಿ ನೋಡಿದೆ, ಓಡಾಕತ್ತಿತು," ಎನ್ನುತ್ತಾರೆ. ಮುಂದೆ ಕಾರ್ಖಾನೆ ದುರಸ್ತಿಗೆಂದು ನಿಂತಾಗ, ಹಳೆಯ ಡೇಟಾಬೇಸನ್ನು ಹೊಸದಕ್ಕೆ ಅಪ್‌ಗ್ರೇಡ್ ಮಾಡಿದರು. ಹಳೆಯ ತೂಕ, ಹೊಸ ತೂಕ ತಾಳೆಯಾಗುವ ತನಕ ಮನೆಗೆ ಹೋಗಲಿಲ್ಲ. ಸಾಲು ಕರಗಿತು. ಶಾಲು ಬಿದ್ದದ್ದು ಮಾತ್ರ ತಂತ್ರಾಂಶ ಮಾರಿದ ಕಂಪನಿಯವರ ಹೆಗಲಿಗೆ.

ಕೆಟ್ಟಾಗ ಊಟಕ್ಕೂ ಬಿಡದೆ ಕರೆಯುತ್ತಿದ್ದವರು, ಸರಿಹೋದ ಮೇಲೆ ಅಂಬಿಕಾ ಅವರ ಹೆಸರನ್ನೇ ಮರೆತರು. ಈ ತಿಂಗಳಿಗೆ ಅವರ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. "ಸಿಸ್ಟಮ್ ಛಲೋ ನಡದದ, ಇನ್ನ ಮಂದಿ ಯಾಕಬೇಕು ಅಂದ್ರು ಸಾಹೇಬ್ರು," ಎಂದು ಹೇಳಿ ಅವರು ಪರದೆಯತ್ತ ತಿರುಗುತ್ತಾರೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೇ ಕೆಲಸ ಹೋಗುವ ಇಂಥ ನ್ಯಾಯ ಕೇಳಿದರೆ ಮೈ ಉರಿಯುತ್ತದೆ.

ಕಾಟಾದ ಗುಮಾಸ್ತ ಅಕ್ರಮ್ ಬಾಗಿಲಲ್ಲಿ ಇಣುಕುತ್ತಾರೆ. "ಹೋಗೂ ದಿನ ಹಳೇ ಸೆಟ್ಟಿಂಗ್ ಹಾಕಿ ಹೋಗ್ರಿ ಮೇಡಂ. ಎರಡು ದಿನದಾಗ ಗಾಡಿ ಕಳಿಸಿ ಕರಸ್ಕೋತಾರ."

ಅಂಬಿಕಾ ನಗುವುದಿಲ್ಲ. "ನನಗೂ ಅದೇ ವಿಚಾರ ಬಂದಿತ್ತರಿ. ಸಿಟ್ಟು ಭಾಳ ಅದ. ಒಂದು ಅಂಕಿ ಬದಲಿ ಮಾಡಿದ್ರ ಮುಗೀತು."

ಹೊರಗೆ ಭಾಗಣ್ಣನವರ ಲಾರಿ ಕಾಟಾ ಏರುತ್ತದೆ, ಚೀಟಿ ತೆಗೆದುಕೊಂಡು ಇಳಿಯುತ್ತದೆ, ಸೇಡಂ ರಸ್ತೆ ಹಿಡಿಯುತ್ತದೆ. ಮಗಳ ಕೆಲಸ ಹೋಗುವುದು ಅವರಿಗಿನ್ನೂ ಗೊತ್ತಿಲ್ಲ. ಧೂಳು ತಗ್ಗುವ ತನಕ ಅಂಬಿಕಾ ಕಿಟಕಿಯಲ್ಲಿ ನಿಲ್ಲುತ್ತಾರೆ.

"ಆದ್ರ ಬಿಸಿಲಾಗ ನಿಂದ್ರಾವ್ರು ಸಾಹೇಬ್ರು ಅಲ್ಲಲ್ಲರಿ."