ಷಡ್ಡಕನ ಮೋಲ್ಡ್ ನೋಡಲು ಕೋಣನಕುಂಟೆಗೆ

ಬುಧವಾರ ಬೆಳಿಗ್ಗೆ ಏಳೂವರೆಗೆ ಕುಮಾರಸ್ವಾಮಿ ಲೇಔಟಿನ ಮನೆ ಬಿಟ್ಟೆ. ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ ರುದ್ರೇಶ, ಕೋಣನಕುಂಟೆಯಲ್ಲಿ ಮನೆ ಕಟ್ಟಿಸುತ್ತಿದ್ದ. ಅಂದು ಮೋಲ್ಡ್, ಎಂದರೆ ತಾರಸಿಗೆ ಕಾಂಕ್ರೀಟ್ ಹಾಕುವ ದಿನ. ನಮ್ಮ ಜೊತೆಗಿರುವ ಅತ್ತೆ ಹಿಂದಿನ ದಿನವೇ ಹೋಗಿ ಅಲ್ಲಿ ಕೂತಿದ್ದರು. ನನ್ನ ಮನೆಯ ತಾರಸಿ ಹದಿನಾಲ್ಕೇ ವರ್ಷಕ್ಕೆ ಸೋರುತ್ತಿದೆ. ಅವನದಿನ್ನೂ ಹಾಕಿಯೇ ಇಲ್ಲ, ನನಗೆ ಆಗಲೇ ಹೊಟ್ಟೆ ಉರಿಯುತ್ತಿತ್ತು. ಮೋಡ ಕವಿದಿತ್ತು. ಮಳೆ ಬಂದು ಕೆಲಸ ನಿಂತರೆ ನಿಲ್ಲಲಿ ಎಂದುಕೊಂಡದ್ದೂ ಉಂಟು.

ಬಸ್ಸಿನಲ್ಲಿ ಬನಶಂಕರಿಗೆ ಇಪ್ಪತ್ತೈದು ನಿಮಿಷ. ಅಲ್ಲಿಂದ ಮೆಟ್ರೋದಲ್ಲಿ ಮೂರನೆಯ ಸ್ಟೇಷನ್ ಕೋಣನಕುಂಟೆ ಕ್ರಾಸ್. ರೈಲಿನ ಕಿಟಕಿಯಿಂದ ಕಂಡದ್ದೆಲ್ಲ ತಾರಸಿಗಳೇ. ಮುಂದೊಂದು ದಿನ ಮೇಲೆ ಕಟ್ಟಿಸೋಣವೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದು ನಿಂತಿದ್ದವು. ಕಾಂಕ್ರೀಟಿನ ಗುಣವೇ ಹಾಗೆ. ರೈಲನ್ನೇ ತಲೆಯ ಮೇಲೆ ಓಡಿಸಿದರೂ ತಡೆಯುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಅದಕ್ಕೇ ಒಳಗೆ ಕಂಬಿ. ಆ ಕಂಬಿಗೆ ನೀರು ತಗುಲಿ ತುಕ್ಕು ಹಿಡಿದು ಊದಿತೋ, ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ, ನಮ್ಮ ಹಾಲ್‌ನಲ್ಲಿ ಸೋರುವ ಕಡೆ ಬಕೆಟ್ ಇಟ್ಟು ಕಲಿತದ್ದು.

ಕ್ರಾಸಿನಿಂದ ಆಟೋದವನು ಐವತ್ತು ರೂಪಾಯಿ ತೆಗೆದುಕೊಂಡ. ಮನೆಯ ಮುಂದೆ ಮಿಕ್ಸರ್ ನಿಂತಿತ್ತು. ನಿಂಬೆಹಣ್ಣು, ಕರ್ಪೂರ, ಪೂಜೆ ಎಲ್ಲ ಮುಗಿದಿತ್ತು. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಕೊನೆಯ ಬಾಂಡ್ಲಿಯೂ ಬಿದ್ದಿರಬೇಕೆಂದು ಪೂಜೆಗೆ ಬಂದಿದ್ದ ಅಯ್ಯನವರು ಹೇಳಿದ್ದರಂತೆ. ರುದ್ರೇಶ ನನ್ನ ಕೈಗೆ ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೊಟ್ಟ.

"ಮೊದಲನೇದು ನೀವೇ ಹಾಕ್ಬೇಕು ಅಣ್ಣ. ಕಟ್ಟಿಸಿ ಅನುಭವ ಇರೋರು."

ಹೊಗಳುತ್ತಿದ್ದಾನೋ ಹಂಗಿಸುತ್ತಿದ್ದಾನೋ ಎಂದು ಅನುಮಾನವಾಯಿತು. ಅವನ ಮುಖದಲ್ಲಿ ಹಂಗಿಸುವ ಲಕ್ಷಣವೇನೂ ಇರಲಿಲ್ಲ. ಅದನ್ನೂ ನನಗೆ ಸಹಿಸಲಾಗಲಿಲ್ಲ. ಮೇಲೆ ಹತ್ತಿ ಬಾಂಡ್ಲಿ ಸುರಿದೆ.

"ನೀವು ಮೇಲೆ ನಿಂತು ನೋಡ್ತಿರಿ, ಎಲ್ರಿಗೂ ಇಡ್ಲಿ ತಂದ್ಬಿಡ್ತೀನಿ. ನೀವಿದ್ರೆ ನಂಗೆ ಧೈರ್ಯ" ಎಂದು ಅವನು ಕೆಳಗಿಳಿದು ಸ್ಕೂಟರ್ ಹತ್ತಿದ.

ಅವನು ಮರೆಯಾದದ್ದೇ ತಡ, ಮೇಸ್ತ್ರಿ ಮಿಕ್ಸರಿಗೆ ನೀರಿನ ಪೈಪ್ ಬಿಟ್ಟ. ಬಾಂಡ್ಲಿಯಲ್ಲಿ ಬಂದದ್ದು ಗಂಜಿ. ನೀರು ಹೆಚ್ಚಾದರೆ ಕಾಂಕ್ರೀಟ್ ಸಲೀಸಾಗಿ ಹರಡುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ಆ ನೀರು ಆರಿ ಹೋದ ಜಾಗವೆಲ್ಲ ಸಣ್ಣ ಸಣ್ಣ ತೂತು. ನನ್ನ ಮನೆಗೆ ಆದದ್ದೂ ಇದೇ. ಅವತ್ತು ಮುಹೂರ್ತದ ಅವಸರಕ್ಕೆ ನಾನೇ "ಬಿಡಿ ನೀರು" ಎಂದಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇವನ ಹಾಲ್‌ಗೂ ಒಂದು ಬಕೆಟ್ ಬರಲಿ ಎನಿಸಿತು, ಸುಳ್ಳೇಕೆ ಹೇಳಲಿ. ಮುಕ್ಕಾಲು ಗಂಟೆ ಕೈಕಟ್ಟಿ ನಿಂತಿದ್ದೆ.

ಕಾಫಿಗೆಂದು ಕೆಳಗಿಳಿದೆ. ಎದುರುಮನೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ ಲೋಟ ಕೊಟ್ಟು ಮನೆಯ ಕಡೆ ಕೈ ತೋರಿಸುತ್ತಾ, "ಮೂಲೆ ರೂಮು ನಂಗಂತೆ ಕಣಪ್ಪ. ಮಂಚ ಕಿಟಕಿ ಕಡೆ ಹಾಕಿಸ್ಕೊತೀನಿ" ಎಂದರು. ನಮ್ಮನ್ನು ಬಿಟ್ಟು ಇಲ್ಲಿಗೆ ಬರುವ ಖುಷಿ ಅವರಿಗೆ. ನನಗೆ ಇನ್ನಷ್ಟು ಉರಿಯಿತು. ಆದರೆ ಅವರು ತೋರಿಸಿದ ಮೂಲೆಯಲ್ಲೇ ಆಗ ಗಂಜಿ ಸುರಿಯುತ್ತಿತ್ತು. ಕಾಫಿ ಕೆಳಗಿಟ್ಟು ಓಡಿದೆ.

"ಮೇಸ್ತ್ರಿ, ಮಿಕ್ಸರ್ ನಿಲ್ಸಿ."

"ಯಾಕೆ ಸಾರ್? ಹನ್ನೆರಡರೊಳಗೆ ಮುಗೀಬೇಕು ಅಂದ್ರಲ್ಲ, ಅದಕ್ಕೇ ನೀರು ಬಿಟ್ಟೆ."

ಅಷ್ಟರಲ್ಲಿ ರುದ್ರೇಶ ಇಡ್ಲಿಯ ಚೀಲ ಹಿಡಿದು ಮೇಲೆ ಬಂದ. ಒಂದು ಹಿಡಿ ಕಾಂಕ್ರೀಟ್ ಎತ್ತಿಕೊಂಡ. ಬೆರಳ ಸಂದಿಯಿಂದ ನೀರು ಇಳಿಯಿತು.

"ಇದೊಂದು ಲೋಡಾ ಅಣ್ಣ, ಹಾಕಿರೋದೆಲ್ಲ ಹೀಗೇನಾ?"

ಇದೊಂದೇ ಎಂದುಬಿಡಬಹುದಿತ್ತು. ಆಗ ಹಾಕಿದ್ದು ಹಾಗೇ ಉಳಿಯುತ್ತಿತ್ತು.

"ಎರಡನೇ ಲೋಡಿಂದ ಎಲ್ಲಾ ಹೀಗೇ" ಎಂದೆ.

"ನೀವು ನೋಡ್ತಿದ್ರಾ?"

"ನೋಡ್ತಿದ್ದೆ."

ಅವನು ಬೈಯಲಿಲ್ಲ. ಗಟ್ಟಿಯಾಗುವ ಮುಂಚೆ ಎಲ್ಲವನ್ನೂ ಬಾಚಿ ತೆಗೆಯಲು ಮೇಸ್ತ್ರಿಗೆ ಹೇಳಿ, ಪ್ಯಾಂಟ್ ಮಡಚಿ ತಾನೂ ಕಂಬಿಗಳ ಮೇಲೆ ಇಳಿದ. ನಾನೂ ಒಂದು ಬಾಂಡ್ಲಿ ಎತ್ತಿಕೊಂಡೆ. ಅವನು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಬೇಡ ಅಣ್ಣ. ನೀವು ಹೊರಡಿ."

ಬೀದಿಯ ತಿರುವಿನಲ್ಲಿ ಆಟೋ ಸಿಕ್ಕಿತು. ಹತ್ತುವ ಮುಂಚೆ ಹಿಂದಿರುಗಿ ನೋಡಿದೆ. ರುದ್ರೇಶ ತಲೆ ಎತ್ತದೆ ಬಾಚುತ್ತಿದ್ದ. ಅತ್ತೆ ಮಾತ್ರ ಕುರ್ಚಿಯಿಂದ ಎದ್ದು ನಿಂತು, ಏನಾಯ್ತೆಂದು ನನ್ನ ಕಡೆಗೇ ಕೈಸನ್ನೆ ಮಾಡಿ ಕೇಳುತ್ತಿದ್ದರು. ಸಂಜೆ ಅವರು ನಮ್ಮ ಮನೆಗೇ ಬರಬೇಕು.