ಪುಟದ ಅಂಚಿನಲ್ಲಿ ಪ್ರಮೀಳಾಳ ಹೆಬ್ಬೆರಳು

ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಪ್ರಮೀಳಾ ಮಾತಾಡುತ್ತಿದ್ದಳು. ಮಾತಷ್ಟೇ ಅಲ್ಲ, ನಗುತ್ತಿದ್ದಳು, ಗಿರಾಕಿಗಳ ಜೊತೆ ಬಂದ ಮಕ್ಕಳನ್ನು ರೇಗಿಸುತ್ತಿದ್ದಳು, ಸಾರಿಗೆ ಉಪ್ಪೆಷ್ಟು ಹಾಕಬೇಕೆಂದು ಫೋನಿನಲ್ಲಿ ಗಂಡನಿಗೆ ಹೇಳಿಕೊಡುತ್ತಿದ್ದಳು. ಒಂದು ಪಿನ್ನೂ ಬೀಳುತ್ತಿರಲಿಲ್ಲ. ಅವಳಿಗಿಂತ ಹದಿನೈದು ವರ್ಷ ಮೊದಲೇ ಹೊಲಿಗೆ ಕಲಿತವಳು ನಾನು. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ನಾನೂ ಹಾಗೆ ಮಾಡಿ ನೋಡಿದೆ. ತುಟಿಗೆ ಚುಚ್ಚಿ ರಕ್ತ ಬಂತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಿಜಯನಗರದ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಮೂರಂತಸ್ತಿನ ಮನೆಯೊಂದರ ಮೆಟ್ಟಿಲ ಕೆಳಗೆ ನನ್ನ ಬ್ಲೌಸಿನ ಅಂಗಡಿ. ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಗೋಡೆಗೆ ಆಳೆತ್ತರದ ಕನ್ನಡಿ. ಕೆಲಸ ಕೇಳಿಕೊಂಡು ಬಂದಾಗ ಪ್ರಮೀಳಾಳಿಗೆ ಮೂವತ್ತು ದಾಟಿತ್ತು. ಹುಕ್ಕು, ಹೆಮ್ಮಿಂಗಿಗೆ ಇರಲಿ ಎಂದು ಸೇರಿಸಿಕೊಂಡೆ. ಆರು ತಿಂಗಳಲ್ಲಿ ಕಟಿಂಗಿಗೆ ಕೈ ಹಾಕಿದಳು. ಒಂದು ಸಲ ಮಿಷನ್ನಿನ ಸೂಜಿ ಅವಳ ಎಡಗೈ ಹೆಬ್ಬೆರಳಿನ ಉಗುರಿಗೇ ಇಳಿದಿತ್ತು. ಆಮೇಲೆ ಆ ಉಗುರು ಯಾವಾಗಲೂ ನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಆ ದಿನವೂ ಬೆರಳಿಗೆ ಲೈನಿಂಗ್ ಬಟ್ಟೆ ಸುತ್ತಿಕೊಂಡು, ಹೇಳಿದ ಹೊತ್ತಿಗೆ ಬ್ಲೌಸು ಮುಗಿಸಿಕೊಟ್ಟೇ ಮನೆಗೆ ಹೋದಳು.

ಬ್ಲೌಸು ಬಿಗಿಯಾಯಿತು, ಸಡಿಲವಾಯಿತು ಎಂದು ಯಾರಾದರೂ ವಾಪಸು ತಂದರೆ ನನಗೆ ಮೂಗಿನ ತುದಿಯಲ್ಲಿ ಕೋಪ. “ನೀವೇ ದಪ್ಪ ಆಗಿದೀರ” ಎಂದುಬಿಡುತ್ತಿದ್ದೆ. ಪ್ರಮೀಳಾ ಬ್ಲೌಸನ್ನು ಒಳಮಗ್ಗುಲಾಗಿ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, “ಬಟ್ಟೆ ಸರಿಯಾಗೇ ಹೇಳಿರುತ್ತೆ ಅಕ್ಕ, ನಾವು ಸರಿಯಾಗಿ ಕೇಳಿಸ್ಕೊಂಡಿರಲ್ಲ” ಎನ್ನುತ್ತಿದ್ದಳು. ಗಿರಾಕಿ ನಕ್ಕು ಕೂರುತ್ತಿದ್ದಳು. ಬರುಬರುತ್ತಾ ನನ್ನ ಅಂಗಡಿಗೆ ಬಂದವರು ನನ್ನ ಭುಜದಾಚೆ ಇಣುಕಿ, “ಪ್ರಮೀಳಾ ಇಲ್ವಾ?” ಎಂದು ಕೇಳತೊಡಗಿದರು.

ಆದರೆ ಒಂದು ವಿಷಯದಲ್ಲಿ ಅವಳು ನನ್ನ ಹತ್ತಿರ ಸುಳಿಯುವಂತಿರಲಿಲ್ಲ. ಅದು ನನ್ನ ಅಳತೆ ಪುಸ್ತಕ. ಇಪ್ಪತ್ತು ವರ್ಷದಿಂದ ಶಾಯಿ ಪೆನ್ನಿನಲ್ಲಿ ದುಂಡಗೆ ಬರೆದುಕೊಂಡು ಬಂದ ಉದ್ದನೆಯ ರಟ್ಟಿನ ಪುಸ್ತಕ. ಬೇರೆ ಟೈಲರುಗಳ ಹಾಗೆ ಹಳೆಯ ಬ್ಲೌಸು ತರಿಸಿಕೊಂಡು ಅದರ ಮೇಲೆ ಬಟ್ಟೆ ಹರವಿ ಕತ್ತರಿಸುವುದು ನನಗಾಗದು. ಒಗೆದು ಒಗೆದು ಜಗ್ಗಿದ ಬ್ಲೌಸು ಯಾರ ಅಳತೆಯನ್ನೂ ಹೇಳುವುದಿಲ್ಲ. ಯಾರ ಎಡಭುಜ ತಗ್ಗು, ಯಾರಿಗೆ ಹೆರಿಗೆಯಾದ ಮೇಲೆ ಎಷ್ಟು ಬಿಡಬೇಕು, ಎಲ್ಲ ನನ್ನ ಪುಸ್ತಕದಲ್ಲಿತ್ತು.

ಅದರಲ್ಲಿ ಸರೋಜಮ್ಮನವರ ಪುಟವೂ ಇತ್ತು. ಅವರು ನಿವೃತ್ತ ಸ್ಕೂಲ್ ಮೇಡಂ, ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಕ್ಯಾನ್ಸರಿನಿಂದ ಒಂದು ಕಡೆಯ ಸ್ತನ ತೆಗೆಸಿಕೊಂಡು ಬಂದಿದ್ದರು. ಬಾಗಿಲು ಹಾಕಿ, ಕನ್ನಡಿಯ ಮುಂದೆ ನಿಲ್ಲಿಸಿ, ಆ ಕಡೆ ಒಳಗೆ ಎಷ್ಟು ಪದರ ಬಟ್ಟೆ ಕೊಟ್ಟರೆ ಎರಡೂ ಕಡೆ ಸಮ ಕಾಣುತ್ತದೆಂದು ನೋಡಿ ನೋಡಿ ಬರೆದುಕೊಂಡೆ. ಅವರು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. “ನಾಗರತ್ನ, ಇದನ್ನ ಸರಿಯಾಗಿ ಬರ್ಕೊಂಡ್‌ಬಿಡು. ಇನ್ನೊಂದ್ಸಲ ಹೀಗೆ ನಿಲ್ಲೋಕೆ ನನ್ ಕೈಲಿ ಆಗಲ್ಲ” ಎಂದರು. “ಇನ್ನು ನಿಮ್ಮನ್ನ ನಿಲ್ಲಿಸಲ್ಲಮ್ಮ” ಎಂದು ಮಾತು ಕೊಟ್ಟೆ.

ಅದಾದ ವಾರವೇ ಇರಬೇಕು, ಪ್ರಮೀಳಾ ಪುಸ್ತಕದ ಮಾತು ತೆಗೆದದ್ದು. “ಅಕ್ಕ, ಈ ಪುಸ್ತಕಕ್ಕೆ ಏನಾದ್ರೂ ಆದ್ರೆ ಏನ್ ಮಾಡ್ತೀರಾ? ಒಂದೊಂದೇ ಪುಟ ಫೋಟೋ ತೆಗೆದು ಕ್ಲೌಡಲ್ಲಿ ಹಾಕಿಡೋಣ.”

“ಅದೆಲ್ಲಿರುತ್ತೆ?”

“ಎಲ್ಲೋ ದೊಡ್ಡ ದೊಡ್ಡ ಕಂಪ್ಯೂಟರಲ್ಲಿ ಇರುತ್ತಂತೆ. ಫೋನ್ ಕಳೆದೋದ್ರೂ ಅದಕ್ಕೇನೂ ಆಗಲ್ಲ. ಬೇರೆ ಫೋನಲ್ಲಿ ಪಾಸ್‌ವರ್ಡ್ ಹಾಕಿದ್ರೆ ಎಲ್ಲಾ ಮತ್ತೆ ಬರುತ್ತೆ.”

ನಾನು “ನೋಡೋಣ ಬಿಡು” ಎಂದು ಮಿಷನ್ನು ತುಳಿದೆ. ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಮಾರನೆಯ ದಿನ ಊಟ ಮುಗಿಸಿಕೊಂಡು ಬರುತ್ತೇನೆ, ಪ್ರಮೀಳಾ ಕಟಿಂಗ್ ಟೇಬಲ್ಲಿನ ಮೇಲೆ ನನ್ನ ಪುಸ್ತಕ ಬಿಡಿಸಿಟ್ಟುಕೊಂಡು ಫೋಟೋ ತೆಗೆಯುತ್ತಿದ್ದಾಳೆ! ಇಬ್ಬರು ಗಿರಾಕಿಗಳು ಬೇರೆ ಕೂತಿದ್ದರು. ಓಡಿಹೋಗಿ ಪುಸ್ತಕ ಕಿತ್ತುಕೊಂಡೆ. “ಕಳ್ಳಿ! ನನ್ನ ಗಿರಾಕಿಗಳ್ನೆಲ್ಲ ಫೋನಲ್ಲಿ ತುಂಬ್ಕೊಂಡು ಬೇರೆ ಅಂಗಡಿ ಇಡೋಕೆ ಹೊರಟಿದೀಯಾ?” ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು, ಬ್ಯಾಗು ತಗೊಂಡಳು, ಹೋದಳು.

ನಾಲ್ಕು ತಿಂಗಳಿಗೆ ಚಂದ್ರಾ ಲೇಔಟಿನಲ್ಲಿ ಅವಳ ಅಂಗಡಿ ಶುರುವಾಯಿತು. ನೋಡಿದಿರಾ, ನಾನು ಹೇಳಿದ್ದೇ ಆಯಿತು ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದೆ. ನನ್ನ ಹಳೆಯ ಗಿರಾಕಿಗಳಲ್ಲಿ ಕೆಲವರು ಅತ್ತ ಹೋದಾಗ, ಅವಳು ಹೊಲಿಯುತ್ತಿರುವುದು ನನ್ನ ಅಳತೆಗೇ ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಲಾಕ್‌ಡೌನ್ ಬಂದಾಗ ಪುಸ್ತಕ ಅಂಗಡಿಯೊಳಗೆ, ನಾನು ಮನೆಯೊಳಗೆ. ಅಳತೆಯೆಲ್ಲ ತಲೆಯಲ್ಲಿದೆ ಎಂದು ಅಷ್ಟು ವರ್ಷ ಕೊಚ್ಚಿಕೊಂಡಿದ್ದೆ. ಮನೆಯ ಮಿಷನ್ನಿನ ಮುಂದೆ ಕೂತರೆ ನನ್ನ ಸ್ವಂತ ತಂಗಿಯ ತೋಳಿನ ಸುತ್ತಳತೆಯೂ ನೆನಪಾಗಲಿಲ್ಲ. ಪ್ರಮೀಳಾ ಮಾತ್ರ ಅಂಗಡಿ ತೆರೆಯದೆಯೇ, ಅಳತೆಯೆಲ್ಲ ಫೋನಿನಲ್ಲೇ ಇದ್ದುದರಿಂದ ಮನೆಯಲ್ಲಿ ಕೂತು ಹೊಲಿದು ಮುಗಿಸುತ್ತಿದ್ದಾಳೆಂದು ಮಗಳು ಸುಮಾ ಹೇಳಿದಳು. ಆ ದಿನ ನನಗೆ ಅನ್ನ ಇಳಿಯಲಿಲ್ಲ.

ಹೊಟ್ಟೆಕಿಚ್ಚಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಎಲ್ಲ ತೆರೆದ ಮೇಲೆ ಒಂದು ದಿನ, ಲೈನಿಂಗ್ ಬಟ್ಟೆ ತರುವ ನೆಪ ಮಾಡಿಕೊಂಡು ಅವಳ ಅಂಗಡಿಯ ಮುಂದೆಯೇ ಎರಡು ಸಲ ಹಾದುಹೋದೆ. ಮೂರನೆಯ ಸಲ ಅವಳೇ ಕಂಡಳು. “ಅಕ್ಕಾ! ಬನ್ನಿ, ಬಿಸಿಲಲ್ಲಿ ಯಾಕೆ ನಿಂತ್ರಿ?” ಬಾಯಲ್ಲಿ ಪಿನ್ನು ಹಾಗೆಯೇ ಇದ್ದವು.

ಮನೆಯೊಂದರ ಕಾರು ನಿಲ್ಲಿಸುವ ಜಾಗ ಅದು. ಒಂದೇ ಮಿಷನ್ನು. ಇಷ್ಟೇನಾ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಪ್ರಮೀಳಾ ಫೋನು ಉಜ್ಜಿ, “ಹೋದ್ಸಲ ಕಂಕುಳ ಹತ್ರ ಬಿಗಿ ಅಂದಿದ್ರಿ ಆಂಟಿ, ಕಾಲಿಂಚು ಬಿಟ್ಟಿದ್ದೆ. ಅದೇ ಇರ್ಲಾ?” ಎಂದಳು. ಆ ಹೆಂಗಸಿನ ಮುಖ ಅರಳಿತು. ಹೋದ ವರ್ಷದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ ಎಂದುಕೊಂಡರೇನೋ.

ಆಮೇಲೆ ತಿಳಿಯಿತು, ಇನ್ನೂ ಐದು ಮಿಷನ್ನುಗಳಿದ್ದವು, ಐದು ಮನೆಗಳಲ್ಲಿ. ಕೆಂಗೇರಿಯ ಕಡೆ, ನಾಗರಭಾವಿಯ ಕಡೆ ಐವರು ಹೆಂಗಸರು ಮನೆಗೆಲಸ ಮುಗಿಸಿ ಅವಳಿಗಾಗಿ ಹೊಲಿಯುತ್ತಿದ್ದರು. “ಮೊದ್ಲು ಚೀಟಿ ಕೊಟ್ಟು ಕಳಿಸ್ತಿದ್ದೆ ಅಕ್ಕ. ಚೀಟಿ ಕಳೆದೋಗೋದು, ಒಬ್ಬರ ತೋಳು ಇನ್ನೊಬ್ಬರಿಗೆ ಹತ್ತೋದು. ಈಗ ನಾನಿಲ್ಲಿ ಒಂದ್ಸಲ ಬರೆದ್ರೆ ಅವರವರ ಫೋನಲ್ಲಿ ಕಾಣುತ್ತೆ. ಅರ್ಧ ಇಂಚು ಬದಲಾಯಿಸಿದ್ರೆ ಅಲ್ಲೂ ಬದಲಾಗುತ್ತೆ. ಮಗುಗೆ ಜ್ವರ ಅಂದ್ರೆ ಯಾರೂ ಅಂಗಡಿಗೆ ಓಡಿ ಬರಬೇಕಾಗಿಲ್ಲ.” ಪಿನ್ನು ತೆಗೆದಿಟ್ಟು, “ನೀವೂ ಮಾಡ್ಕೊಳಿ ಅಕ್ಕ. ಒಂದು ಭಾನುವಾರ ಬಂದು ನಾನೇ ಕೂತು ಮಾಡ್ಕೊಡ್ತೀನಿ” ಎಂದಳು.

ಕಳ್ಳಿ ಎಂದು ಕರೆಸಿಕೊಂಡವಳು ಹೀಗೆ ನೆರವಿಗೆ ಬರುತ್ತೇನೆ ಎನ್ನುವುದೆಂದರೇನು? ನನಗೆ ಅವಮಾನವಾಯಿತು. “ನನಗೆ ಪುಸ್ತಕ ಸಾಕು” ಎಂದು ಎದ್ದು ಬಂದೆ. ಲೈನಿಂಗ್ ಬಟ್ಟೆ ತರುವುದನ್ನು ಮರೆತೇಬಿಟ್ಟಿದ್ದೆ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ನೆಂಟರ ಮದುವೆಗೆಂದು ಮೂರು ದಿನ ಅಂಗಡಿ ಮುಚ್ಚಿದ್ದೆ. ಬಂದು ಬಾಗಿಲು ತೆಗೆದರೆ ಒಳಗೆ ಪಾದ ಮುಳುಗುವಷ್ಟು ನೀರು. ಮೇಲಿನ ಮನೆಯ ಪೈಪು ಒಡೆದು ನೇರ ನಾನು ಪುಸ್ತಕ ಇಡುವ ಗೂಡಿಗೇ ಸುರಿದಿತ್ತು. ಬಟ್ಟೆಗಳು ಬೀರುವಿನಲ್ಲಿದ್ದುದರಿಂದ ಉಳಿದುಕೊಂಡವು. ಪುಸ್ತಕ ತೆರೆದೆ. ಶಾಯಿಯೆಲ್ಲ ಕರಗಿ ಪುಟಪುಟವೂ ಬರೀ ನೀಲಿ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಬ್ಬಕ್ಕೆ ಬಂದಿದ್ದ ಅಷ್ಟೂ ಬ್ಲೌಸುಗಳಿಗೆ ಅಳತೆಯಿಲ್ಲ. ಎಲ್ಲರನ್ನೂ ಮತ್ತೆ ಕರೆದು ಅಳೆಯುತ್ತೇನೆಂದರೆ ಅರ್ಧ ಜನ ಬಟ್ಟೆ ವಾಪಸು ತೆಗೆದುಕೊಂಡು ಹೋಗುತ್ತಾರೆ. ಎಲ್ಲಿಗೆ ಹೋಗುತ್ತಾರೆಂದೂ ನನಗೆ ಗೊತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಅವಳೇ ಬಂದಳು, ಲೈನಿಂಗ್ ಅಂಗಡಿಯವರಿಂದ ಸುದ್ದಿ ತಿಳಿದು. ಸುಮಾ ನೆಲ ಒರೆಸುತ್ತಿದ್ದಳು. ಪ್ರಮೀಳಾ ಕೂರಲೂ ಇಲ್ಲ. “ಅಕ್ಕ, ಬೈಬೇಡಿ. ಅವತ್ತು ತೆಗೆದ ಫೋಟೋ ಎಲ್ಲಾ ಇದೆ” ಎಂದು ಫೋನು ಮುಂದೆ ಹಿಡಿದಳು. ‘ನಾಗರತ್ನಕ್ಕ’ ಎಂದು ಹೆಸರಿಟ್ಟ ಒಂದು ಫೋಲ್ಡರು. ಒತ್ತಿದರೆ ನನ್ನ ಪುಟಗಳು, ನನ್ನ ದುಂಡು ಅಕ್ಷರ, ಇಪ್ಪತ್ತು ವರ್ಷದ್ದು.

ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. “ಇಷ್ಟು ವರ್ಷ ಚೆನ್ನಾಗಿ ಉಪಯೋಗ ಆಯ್ತೇನೋ” ಎಂದುಬಿಟ್ಟೆ. ಸುಮಾ ಫೋನು ಇಸಿದುಕೊಂಡು ಏನೋ ಒತ್ತಿ ನೋಡಿ, ನನ್ನ ಕಡೆ ತಿರುಗಿದಳು. “ಅಮ್ಮ, ಕಡೇ ಸಲ ಯಾವತ್ತು ತೆರೆದಿದ್ದು ಅಂತ ಇದ್ರಲ್ಲಿ ಬರುತ್ತೆ. ಹಾಕಿದ ದಿನ ಬಿಟ್ರೆ ಇವತ್ತಿನವರೆಗೂ ಇವ್ರು ಒಂದು ಪುಟನೂ ತೆರೆದಿಲ್ಲ.”

“ಮತ್ತೆ ಯಾಕೆ ಇಟ್ಕೊಂಡೆ?” ಎಂದು ಪ್ರಮೀಳಾಳನ್ನು ಕೇಳಿದೆ.

“ಅಳಿಸೋಣ ಅಂತ ಎಷ್ಟೋ ಸಲ ಅಂದ್ಕೊಂಡೆ ಅಕ್ಕ. ಮನಸು ಬರ್ಲಿಲ್ಲ. ಅಷ್ಟು ಜನರ ಮೈ ಅಳತೆ ಅಲ್ವಾ.”

ನನ್ನ ಫೋನಿಗೆ ಅದನ್ನೆಲ್ಲ ಬರುವ ಹಾಗೆ ಮಾಡಿ, ಕಾಫಿ ಕುಡಿದು ಹೋದಳು. ತಪ್ಪಾಯಿತು ಎಂದು ನಾನು ಹೇಳಬೇಕಿತ್ತು. ನಿಜ ಹೇಳಬೇಕೆಂದರೆ ಆ ಹೊತ್ತು ಕೃತಜ್ಞತೆಗಿಂತ ಜಾಸ್ತಿ ಹೊಟ್ಟೆ ಉರಿದಿತ್ತು. ಕೈಚಳಕದಲ್ಲಿ, ಬುದ್ಧಿಯಲ್ಲಿ ನನಗಿಂತ ಮುಂದಿದ್ದಳು, ಆಗಲಿ. ಒಳ್ಳೆಯತನದಲ್ಲೂ ಮುಂದೆ ಹೋಗಬೇಕಿತ್ತೇ? ಹಬ್ಬ ಮುಗಿಯಲಿ, ಹೋಗಿ ಹೇಳಿದರಾಯಿತು ಎಂದುಕೊಂಡೆ. ಹಬ್ಬ ಮುಗಿಯಿತು, ದಸರಾ ಬಂತು, ದೀಪಾವಳಿ ಬಂತು.

ಸಂಕ್ರಾಂತಿಗೆ ಮೊದಲು ಪ್ರಮೀಳಾ ಹೋಗಿಬಿಟ್ಟಳು. ಮಿಷನ್ನಿನ ಮುಂದೆ ಕೂತಲ್ಲೇ ಎದೆನೋವು ಎಂದಳಂತೆ, ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ಹನ್ನೊಂದನೆಯ ದಿನ ಹೋದೆ. ಚಂದ್ರಾ ಲೇಔಟಿನ ಅವಳ ಚಿಕ್ಕ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನನಗೆ ಇಷ್ಟು ಜನ ಬರುತ್ತಾರಾ ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತು. ಅಳುತ್ತಿದ್ದ ಹೆಂಗಸರೆಲ್ಲ ಅವಳು ಹೊಲಿದ ಬ್ಲೌಸನ್ನೇ ತೊಟ್ಟಿದ್ದರು. ಕಂಕುಳಲ್ಲಿ ಎಲ್ಲಾದರೂ ಒಂದು ಸುಕ್ಕು ಸಿಗುತ್ತದೋ ಎಂದು ಒಬ್ಬೊಬ್ಬರನ್ನೇ ನೋಡಿದೆ. ಒಂದೂ ಸಿಗಲಿಲ್ಲ. ಆಗ ನನಗೂ ಅಳು ಬಂತು. ಅವಳ ಐವರು ಹೆಂಗಸರು ಅಂಗಡಿಯನ್ನು ಒಂದು ದಿನವೂ ನಿಲ್ಲಿಸಿಲ್ಲ. ಅಳತೆಗಳೆಲ್ಲ ಅವರ ಫೋನಿನಲ್ಲಿ ಇದ್ದೇ ಇವೆ.

ನಾನೀಗ ಫೋನು ಎದುರಿಗಿಟ್ಟುಕೊಂಡು ಕತ್ತರಿಸುತ್ತೇನೆ. ಹಳಬರು ಯಾರು ಬಂದರೂ ಅವರ ಪುಟ ತೆರೆಯುತ್ತೇನೆ, ಆಮೇಲೆ ಬಂದವರನ್ನು ಮತ್ತೆ ಅಳೆದುಕೊಂಡಿದ್ದೇನೆ. ಪ್ರತಿ ಪುಟದ ಅಂಚಿನಲ್ಲೂ ಪುಸ್ತಕ ಮಡಚಿಕೊಳ್ಳದಂತೆ ಒತ್ತಿಹಿಡಿದ ಅವಳ ಹೆಬ್ಬೆರಳಿದೆ, ನಡುವೆ ಸೀಳಿದ ಉಗುರು. ನನ್ನ ಪುಸ್ತಕ, ನನ್ನ ಅಕ್ಷರ, ಅದಕ್ಕೂ ಅವಳದೇ ಕಾವಲು. ಫೋಲ್ಡರಿನ ಒಡತಿ ಎಂದು ಇನ್ನೂ ಅವಳ ಹೆಸರೇ ತೋರಿಸುತ್ತದೆ. ಎಲ್ಲವನ್ನೂ ನನ್ನ ಹೆಸರಿನಲ್ಲಿ ನಕಲು ಮಾಡಿಕೊಡುತ್ತೇನೆ ಎಂದು ಸುಮಾ ದಿನಾ ಹೇಳುತ್ತಾಳೆ. ಇರಲಿ ತಾಳು ಎನ್ನುತ್ತಿದ್ದೇನೆ.

ಹೋದ ವಾರ ಸರೋಜಮ್ಮನವರು ಮೊಮ್ಮಗಳ ಮದುವೆಗೆಂದು ರೇಷ್ಮೆ ಬ್ಲೌಸಿನ ಬಟ್ಟೆ ಕಳಿಸಿದ್ದರು. ಅವರ ಅಳತೆ ಬರೆದದ್ದು ಫೋಟೋ ತೆಗೆಯುವ ಸ್ವಲ್ಪವೇ ಮೊದಲು, ಹಾಗಾಗಿ ಕಡೆಯ ಫೋಟೋ ತೆರೆದೆ. ಎಡ ಅಂಚಿನಲ್ಲಿ ಅದೇ ಹೆಬ್ಬೆರಳು. ಮೇಲೆ ‘ಸರೋಜಮ್ಮ’ ಎಂದಿದೆ. ಅದರ ಕೆಳಗೆ ಅಂಕಿಗಳಿಲ್ಲ. ಪುಟದ ತುಂಬ ಒಂದು ಕೈ, ಎರಡು ಹಸಿರು ಬಳೆ, ಬೆರಳಿಗೆ ಶಾಯಿಯ ಕಲೆ. ಅಂದು ಪುಸ್ತಕ ಕಿತ್ತುಕೊಳ್ಳಲು ಚಾಚಿದ ನನ್ನದೇ ಕೈ.

ದೊಡ್ಡದು ಮಾಡಿ ನೋಡಿದೆ, ಓರೆ ಮಾಡಿ ನೋಡಿದೆ. ಬೆರಳ ಸಂದಿಯಲ್ಲಿ ಒಂದು ಅಂಕಿಯೂ ಕಾಣಲಿಲ್ಲ. ಎರಡು ದಿನ ಆ ಬಟ್ಟೆಯನ್ನು ಮುಟ್ಟದೆ ಇಟ್ಟು, ಮೂರನೆಯ ದಿನ ಫೋನು ಮಾಡಿದೆ.

“ಅಮ್ಮ, ಒಂದ್ಸಲ ಅಂಗಡಿಗೆ ಬರ್ಬೇಕಿತ್ತು. ಮತ್ತೆ ಅಳತೆ ತಗೋಬೇಕು.”

“ಪ್ರಮೀಳಾ ಎಲ್ಲಾ ಫೋಟೋ ತೆಗೆದಿಟ್ಟಿದ್ಲು, ಸಿಕ್ತು ಅಂದಿದ್ಯಲ್ಲೇ ನಾಗರತ್ನ?”

“ತೆಗೆದಿದ್ಲು ಅಮ್ಮ” ಎಂದೆ. “ನಾನೇ ಕೈ ಅಡ್ಡ ಇಟ್ಟೆ.”